ಗುಳಿಗೆ ಬಿಟ್ಟವನ ಸಾಕ್ಷಿ

ನನ್ನ ಕಫದಲ್ಲಿ ಈಗ ಕ್ಷಯದ ರೋಗಾಣು ಇಲ್ಲ ಎಂದು ಹಾವೇರಿಯ ದೊಡ್ಡಾಸ್ಪತ್ರೆಯವರು ಬರೆದುಕೊಟ್ಟಿದ್ದಾರೆ. ಆ ಕಾಗದ ನೋಡಿ ಸಂತೋಷಪಡಬೇಕಾದವಳು ನನ್ನ ಹೆಂಡತಿ ಎಸ್ತೇರ. ಅವಳು ಹೋಗಿ ಒಂಬತ್ತು ತಿಂಗಳಾಯಿತು. ನನಗೆ ರೋಗ ಯಾರಿಂದ ಬಂತೋ ಗೊತ್ತಿಲ್ಲ. ಅವಳಿಗೆ ಬಂದದ್ದು ನನ್ನಿಂದ. ಆರು ತಿಂಗಳಲ್ಲಿ ವಾಸಿಯಾಗಬೇಕಿದ್ದ ರೋಗವನ್ನು ಔಷಧಿಗೆ ಬಗ್ಗದ ಹಾಗೆ ಗಟ್ಟಿ ಮಾಡಿ ಅವಳ ಎದೆಗೆ ದಾಟಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಗೆ ಗೊತ್ತಾಗಿ, ಈ ಮುದುಕ ನಮಗೂ ಮೋಸ ಮಾಡಿದ ಎಂದು ಓದುವವರಿಗೆ ಅನ್ನಿಸಬಾರದು. ಮೋಸ ಸಾಕಷ್ಟು ಮಾಡಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತೇಳು ವರ್ಷ ಮಾಲು ನೋಡುವ ಕೆಲಸ ಮಾಡಿದೆ. ಚೀಲ ಬಿಚ್ಚಿ, ರಾಶಿಯೊಳಗೆ ಮೊಣಕೈ ತನಕ ಕೈ ಹಾಕಿ, ತಳದ ಕಾಯಿ ತೆಗೆದು, ಮುರಿದು, ಮೂಸಿ, ತೇವ ಎಷ್ಟು, ಬಣ್ಣ ಹೇಗೆ ಎಂದು ಹೇಳುವುದು. ಪೇಟೆ ತುಂಬಿದ ದಿನಗಳಲ್ಲಿ ಊರಿಗೆ ಊರೇ ಸೀನುತ್ತದೆ, ಕೆಮ್ಮುತ್ತದೆ. ಹೊರಗಿನಿಂದ ಬಂದವರು ಕರವಸ್ತ್ರ ಮೂಗಿಗೆ ಹಿಡಿಯುತ್ತಾರೆ, ನಾವು ನಗುತ್ತೇವೆ. ಹೀಗಾಗಿ ಬ್ಯಾಡಗಿಯಲ್ಲಿ ಕೆಮ್ಮು ಒಂದು ರೋಗ ಎಂದು ಯಾರಿಗೂ ಅನ್ನಿಸುವುದಿಲ್ಲ. ಕೆಲಸ ಬಿಟ್ಟು ಎರಡು ವರ್ಷವಾದರೂ ನನ್ನ ಕೆಮ್ಮು ನಿಲ್ಲಲಿಲ್ಲ. ಹಳೆಯ ಘಾಟು ಎದೆಯೊಳಗೆ ಕೂತಿದೆ ಎಂದುಕೊಂಡೆ. ಅಂಗಡಿಯ ಕಟ್ಟೆಗೆ ಹೋಗಿ ಕೂತಾಗ ಜೊತೆಯವರು ತಮಾಷೆ ಮಾಡುತ್ತಿದ್ದರು.

"ಕೆಲಸ ಬಿಟ್ರೂ ಕೆಮ್ಮು ಬಿಡವಲ್ದಲ್ರಿ ಹಿರೇರ. ಪಿಂಚಣಿ ಕೊಟ್ಟಾರೇನು ಸಾಹುಕಾರ್ರು?"

"ಬ್ಯಾಡಗ್ಯಾಗ ಕೆಮ್ಮದಾಂವ ಯಾರ್ ಅದಾನ ತೋರ್ಸು ನೋಡೂಣು," ಎಂದು ನಾನೂ ನಗುತ್ತಿದ್ದೆ.

ಸಂಜೆ ಮೈ ಬಿಸಿಯಾಗುತ್ತಿತ್ತು. ಅಂಗಿ ಭುಜದಿಂದ ಇಳಿಯತೊಡಗಿತು. ಎಸ್ತೇರ ನಾಲ್ಕು ತಿಂಗಳು ಹೇಳಿ ಸಾಕಾಗಿ, ಒಂದು ದಿನ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. "ನೀವು ಬರ್ತೀರೋ, ಇಲ್ಲಾ ನಾ ಒಬ್ಬಾಕಿನ ಹಾವೇರಿಗೆ ಹೋಗಿ, ನಮ್ಮ ಯಜಮಾನ್ರು ಹಿಂಗ್ ಕೆಮ್ತಾರಂತ ಕೆಮ್ಮಿ ತೋರ್ಸಿ ಬರ್ಲೋ?" ಎಂದಳು. ಮೋಟೆಬೆನ್ನೂರಿನ ಮೇಲೆ ಹಾವೇರಿಗೆ ಹೋದೆವು. ಎರಡು ಸಣ್ಣ ಡಬ್ಬಿ ಕೊಟ್ಟು ಕಫ ತರಲು ಹೇಳಿದರು. ಕ್ಷಯ ಎಂದು ಗೊತ್ತಾಯಿತು.

ಡಾಕ್ಟರು ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸಣ್ಣ ಹೆಣ್ಣುಮಗಳು. "ಅಂಜಬ್ಯಾಡ್ರಿ, ಆರು ತಿಂಗಳು ದಿನಾ ಗುಳಿಗಿ ತೊಗೊಂಡ್ರ ಪೂರ್ತಿ ಆರಾಮ ಆಗ್ತೀರಿ. ಬಿಡೂದೊಂದು ಮಾಡಬ್ಯಾಡ್ರಿ," ಎಂದರು. ಎಸ್ತೇರ ತಲೆಯಾಡಿಸಿದಳು. ನನ್ನ ತಲೆಯಲ್ಲಿ ಬೇರೆಯೇ ಚಿಂತೆ. ಸಭೆಯವರಿಗೆ ಗೊತ್ತಾದರೆ ಹೇಗೆ?

ನಮ್ಮದು ರಾಣೆಬೆನ್ನೂರಿನ ಒಂದು ಸಣ್ಣ ಕ್ರೈಸ್ತ ಸಭೆ. ಮೂವತ್ತು ಮನೆತನ. ಅದರಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಹಿರಿಯ. ಪ್ರಭುಭೋಜನದ ಭಾನುವಾರ ಪಾದ್ರಿ ಅಯ್ಯನವರು ರೊಟ್ಟಿ ಕೊಡುತ್ತಾ ಹೋದರೆ ಹಿಂದಿನಿಂದ ದ್ರಾಕ್ಷಾರಸದ ಬಟ್ಟಲು ಹಿಡಿದು ಬರುವವನು ನಾನು. ಒಂದೇ ಬಟ್ಟಲು, ಎಲ್ಲರ ತುಟಿಗೂ ಅದೇ. ಅದನ್ನು ಹಿಡಿಯುವವನಿಗೆ ಕ್ಷಯ ಎಂದರೆ ಯಾರು ಬರುತ್ತಾರೆ? ಎದೆನೋವು ಎಂದು ಹೇಳಿ ಎರಡು ತಿಂಗಳು ಬಟ್ಟಲು ಹಿಡಿಯುವುದನ್ನು ತಪ್ಪಿಸಿಕೊಂಡೆ. ಎದೆನೋವಿಗಾಗಿ ಎಲ್ಲರೂ ಪ್ರಾರ್ಥಿಸಿದರು.

ನನ್ನ ಭಕ್ತಿಯ ಬಗ್ಗೆ ಇಲ್ಲಿ ಹೇಳಬೇಕು. ನಾನು ದೇವರ ಮಾತು ಕೇಳಿದ್ದು ಅಂಗಡಿಯಲ್ಲಿ ಸಾಹುಕಾರರ ಮಾತು ಕೇಳಿದ ಹಾಗೆ. ಅವರು ಗಾದಿಯ ಮೇಲಿದ್ದಾಗ ಬೆನ್ನು ನೆಟ್ಟಗೆ. ಊಟಕ್ಕೆ ಎದ್ದು ಹೋದರೆ ಚೀಲಕ್ಕೆ ಒರಗಿ ಕಾಲು ಚಾಚುವುದು. ಆರಾಧನೆಗೆ ಒಂದು ನಿಮಿಷ ತಡವಾಗಿ ಬಂದವರನ್ನು ಕಣ್ಣಲ್ಲೇ ಸುಡುತ್ತಿದ್ದೆ. ಸಿನಿಮಾ ಇಲ್ಲ, ತಂಬಾಕು ಇಲ್ಲ, ಭಾನುವಾರ ಪೇಟೆ ಇಲ್ಲ. ಇವೆಲ್ಲ ಅಂಜಿಕೆಯಿಂದ ಮತ್ತು ನಾಲ್ಕು ಜನ ನೋಡಲಿ ಎಂದು. ಎಸ್ತೇರಳದು ಬೇರೆ. ಪ್ರಭುಭೋಜನದ ಮೇಜಿನ ಬಿಳಿ ವಸ್ತ್ರವನ್ನು ಪ್ರತಿ ತಿಂಗಳು ಬ್ಯಾಡಗಿಗೆ ತಂದು, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಒಯ್ಯುತ್ತಿದ್ದಳು. ನಿನಗೆ ಯಾರು ಹೇಳಿದ್ದು ಎಂದು ಒಮ್ಮೆ ಗದರಿದ್ದೆ. "ಯಾರರೆ ಹೇಳಬೇಕೇನ್ರಿ? ಆತನಿಗೆ ಚಲೋ ಕಾಣ್ತೈತಿ," ಎಂದಳು. ಅದನ್ನು ಹೆಂಗಸರ ಮಾತು ಎಂದು ಅಲ್ಲಿಗೇ ಬಿಟ್ಟೆ.

ಗುಳಿಗೆ ಶುರುವಾಗಿ ಹತ್ತು ವಾರಕ್ಕೆ ಕೆಮ್ಮು ನಿಂತಿತು. ಹಸಿವು ಬಂತು, ಕೆನ್ನೆ ತುಂಬಿದವು. ಆಗ ಸಭೆಯಲ್ಲಿ ಸುಗ್ಗಿ ಹಬ್ಬ. ಎಲ್ಲರೂ ಹೊಲದಲ್ಲಿ ಬೆಳೆದದ್ದನ್ನು ತಂದು ದೇವರ ಮುಂದೆ ಇಡುತ್ತಾರೆ. ಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ನಾನು ಒಂದು ಬುಟ್ಟಿ ಕೆಂಪು ಮೆಣಸಿನಕಾಯಿ ಒಯ್ದೆ. ಆಮೇಲೆ ಸಾಕ್ಷಿ ಹೇಳುವ ಹೊತ್ತು. ಆ ವರ್ಷ ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ಎದ್ದು ಹೇಳುವುದು ನಮ್ಮಲ್ಲಿ ರೂಢಿ. ಒಬ್ಬ ಹುಡುಗಿ ಪರೀಕ್ಷೆ ಪಾಸಾದದ್ದು ಹೇಳಿದಳು. ಒಬ್ಬರು ಎಮ್ಮೆ ಬದುಕಿದ್ದು ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಎದೆನೋವಿನಿಂದ ಇಳಿದುಹೋಗಿದ್ದ ಹಿರಿಯ ದುಂಡಗಾಗಿ ಕೂತಿದ್ದಾನೆ.

ನಾನು ಎದ್ದೆ. ಡಾಕ್ಟರು ಕೈಬಿಟ್ಟಿದ್ದರು ಎಂದೆ. ಬಿಟ್ಟಿರಲಿಲ್ಲ. ಯಾವ ಔಷಧಿಯೂ ಇಲ್ಲದೆ, ಬರೀ ಪ್ರಾರ್ಥನೆಯಿಂದ ಕರ್ತನು ನನ್ನ ಎದೆ ಮುಟ್ಟಿ ವಾಸಿಮಾಡಿದ ಎಂದೆ. ಹೇಳಬೇಕೆಂದು ಮನೆಯಿಂದ ಯೋಚಿಸಿಕೊಂಡು ಹೋದದ್ದಲ್ಲ. ಅವರು 'ಆಮೆನ್' ಅಂದ ಹಾಗೆಲ್ಲ ಮಾತು ಮುಂದಕ್ಕೆ ಹೋಯಿತು. ಹೆಂಗಸರ ಸಾಲಿನಲ್ಲಿ ಎಸ್ತೇರ ತಲೆ ತಗ್ಗಿಸಿ ಕೂತಿದ್ದಳು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಗುಳಿಗೆ, ನೀರಿನ ವಾಟೆ ತಂದಿಟ್ಟಳು. ಕೈ ಚಾಚಿದವನು ಅಲ್ಲೇ ತಡೆದೆ. ನಿನ್ನೆ ದೇವರ ಸಭೆಯಲ್ಲಿ ನಿಂತು ಔಷಧಿ ಇಲ್ಲದೆ ವಾಸಿಯಾದೆ ಎಂದಿದ್ದೇನೆ. ಇವತ್ತು ನುಂಗಿದರೆ ಆ ಮಾತು ಸುಳ್ಳಾಗುತ್ತದೆ. ನುಂಗದಿದ್ದರೆ ಖರೆ ಆಗುತ್ತದೆ. ನನ್ನ ತಲೆ ನಿಜವಾಗಿ ಹೀಗೇ ಓಡಿತು. ಆಡಿದ ಸಾಕ್ಷಿಯನ್ನು ಖರೆ ಮಾಡುವುದಕ್ಕೆ ನಾನು ಗುಳಿಗೆ ಬಿಟ್ಟೆ, ಮತ್ತು ಅದಕ್ಕೆ ವಿಧೇಯತೆ ಎಂದು ಹೆಸರಿಟ್ಟೆ.

"ಡಾಕ್ಟರಮ್ಮ ಬಿಡಬ್ಯಾಡ ಅಂದಾರ," ಎಂದಳು ಎಸ್ತೇರ.

"ನಿನಗ ಡಾಕ್ಟರಮ್ಮ ದೊಡ್ಡಾಕಿಯೋ, ದೇವರು ದೊಡ್ಡಾಂವೋ?"

"ನಾ ಹಂಗ ಎಲ್ಲಿ ಅಂದೆ? ಆರಾಮ ಮಾಡಿದ್ದು ಆತನ ಖರೇ. ಗುಳಿಗೀನೂ ಆತನ ಕೊಟ್ಟಿರಬಹುದಲ್ರಿ."

"ವಿಶ್ವಾಸ ಇಲ್ಲದಾಕಿ. ಗಂಡನ ಮಾತು ಮೀರಬ್ಯಾಡಂತ ವಾಕ್ಯದಾಗ ಐತಿ, ಗೊತ್ತಿಲ್ಲೇನು?"

ಅವಳು ವಾಟೆ ಎತ್ತಿಕೊಂಡು ಒಳಗೆ ಹೋದಳು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಈ ಒಂದು ಮಾತಿನಿಂದ ನಾನು ಅವಳನ್ನು ಎಷ್ಟು ಸಲ ಸುಮ್ಮನಾಗಿಸಿದ್ದೇನೋ.

ಗುಳಿಗೆ ಕೊಡಲು ಬರುತ್ತಿದ್ದ ಆಶಾ ಕಾರ್ಯಕರ್ತೆ ರೇಣುಕಾ ನಮ್ಮ ಓಣಿಯವಳೇ. ವಾರಕ್ಕೊಮ್ಮೆ ಬಂದು ಗುಳಿಗೆಯ ಖಾಲಿ ಪಟ್ಟಿ ನೋಡಿ ಹೊಸದು ಕೊಡುತ್ತಿದ್ದಳು. ನಾನು ಬೆಳಿಗ್ಗೆ ಬಚ್ಚಲಿಗೆ ಹೋಗಿ ಗುಳಿಗೆಗಳನ್ನು ಒತ್ತಿ ತೆಗೆದು ನೀರಿಗೆ ಬಿಡುತ್ತಿದ್ದೆ. ಕೆಂಪು ಬಣ್ಣ ಬಿಡುತ್ತಾ ಮೋರಿಗೆ ಹೋಗುತ್ತಿದ್ದವು.

"ಮೂತ್ರ ಇನ್ನೂ ಕೆಂಪಗ ಹೋಗ್ತೈತೇನ್ರಿ ಅಜ್ಜಾರ?" ಎಂದು ರೇಣುಕಾ ಕೇಳುತ್ತಿದ್ದಳು. ಆ ಗುಳಿಗೆ ನುಂಗಿದವರಿಗೆಲ್ಲ ಹಾಗಾಗುತ್ತದೆ.

"ಬ್ಯಾಡಗಿ ಕಾಯಿಗಿಂತ ಕೆಂಪಗ," ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು.

ಒಂದು ಸಲ ಮಾತ್ರ ಎಸ್ತೇರಳನ್ನು ಕೇಳಿದಳು. "ಅವ್ವಾರ, ದಿನಾ ತೊಗೊಳ್ಳಾಕತ್ತಾರಲ್ರಿ?" ನಾನು ಪಡಸಾಲೆಯಲ್ಲಿದ್ದೆ. ಎಸ್ತೇರ ನನ್ನ ಕಡೆ ನೋಡಿದಳು. ನಾನು ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ. "ಹೂಂ ಯವ್ವಾ," ಎಂದಳು. ಆ ದಿನ ಮಧ್ಯಾಹ್ನ ನನಗೆ ಬಡಿಸಿ ತಾನು ಕೂರಲಿಲ್ಲ.

"ಯಾಕ ಉಣವಲ್ಲಿ?"

"ಸುಳ್ಳು ಹೇಳಿದ ಬಾಯಿ. ಇವತ್ತೊಂದು ದಿನ ಖಾಲಿ ಇರ್ಲಿ ಬಿಡ್ರಿ."

ನಾನು ಎರಡನೇ ರೊಟ್ಟಿ ಹಾಕಿಸಿಕೊಂಡು ಉಂಡೆ.

ಮುಂದಿನ ಮಳೆಗಾಲಕ್ಕೆ ಕೆಮ್ಮು ತಿರುಗಿ ಬಂತು. ನಾನು ಮತ್ತೆ ಘಾಟು ಎಂದೆ. ಒಂದು ಭಾನುವಾರ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕೆಮ್ಮಿದಾಗ ಬಿಳಿ ಕರವಸ್ತ್ರದಲ್ಲಿ ರಕ್ತ. ಎಸ್ತೇರ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಆರಾಧನೆಗೆ ಹೋಗುವುದು ಬಿಟ್ಟು ಹಾವೇರಿಯ ಬಸ್ಸು ಹತ್ತಿಸಿದಳು. ಭಾನುವಾರ ಆರಾಧನೆ ತಪ್ಪಿಸಿದ್ದು ಅದೇ ಮೊದಲು. ನಾನು ಬೇಡ ಅನ್ನಲಿಲ್ಲ.

ಭಾನುವಾರದ ಪಾಳಿಯಲ್ಲಿ ಅದೇ ಡಾಕ್ಟರಮ್ಮ ಇದ್ದರು. ಹಳೆಯ ಕಾರ್ಡು ನೋಡಿದರು. "ಪೂರ್ತಿ ಆರು ತಿಂಗಳು ತೊಗೊಂಡ್ರೇನ್ರಿ ಯಜಮಾನ್ರ?"

"ಪೂರ್ತಿ," ಎಂದೆ.

"ಎರಡೂವರಿ ತಿಂಗಳ್ರಿ," ಎಂದಳು ಎಸ್ತೇರ. "ಆಮ್ಯಾಲೆ ಬಿಟ್ರು. ನಾನೂ ಸುಳ್ಳು ಹೇಳೇನಿ."

ಪರರ ಮುಂದೆ ಅವಳು ನನ್ನ ಮಾತು ಮೀರಿದ್ದು ಅದೇ ಮೊದಲು. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು, "ಮನ್ಯಾಗ ಯಾರ್ಯಾರು ಇರ್ತೀರಿ?"

"ನಾವಿಬ್ರರಿ."

"ಅವ್ವಾರ, ನಿಮಗ ಕೆಮ್ಮು?"

"ಬ್ಯಾಡಗಿಯವ್ರಲ್ರಿ, ಸಣ್ಣಗ ಇರ್ತೈತಿ."

ಡಾಕ್ಟರಮ್ಮ ನಗಲಿಲ್ಲ. ಇನ್ನೊಂದು ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟರು.

ಫಲಿತಾಂಶಕ್ಕೆ ಕಾದ ಆ ದಿನಗಳಲ್ಲಿ ನಾನು ದೇವರ ಜೊತೆ ಪೇಟೆಯಲ್ಲಿ ಮಾಡಿದ ಹಾಗೆ ಚೌಕಾಸಿ ಮಾಡಿದೆ. ನನಗೆ ಇರಲಿ, ಅವಳಿಗೆ ಬೇಡ. ಅವಳಿಗೆ ಇದ್ದರೂ ಸಾದಾ ಇರಲಿ, ಗಟ್ಟಿಯಾದದ್ದು ಬೇಡ. ಉಪವಾಸ ಮಾಡುತ್ತೇನೆ, ಹಿರಿತನ ಬಿಡುತ್ತೇನೆ ಎಂದೆ. ಇಬ್ಬರಿಗೂ ಇತ್ತು. ಇಬ್ಬರದೂ ಹಳೆಯ ಗುಳಿಗೆಗೆ ಬಗ್ಗದ ಜಾತಿಯದು. ಅವಳಿಗೆ ಮೊದಲೇ ಸಕ್ಕರೆ ಕಾಯಿಲೆ. ಮೈಯಲ್ಲಿ ತಾಕತ್ತಿರಲಿಲ್ಲ. ಹನ್ನೊಂದು ತಿಂಗಳು ಬೇರೆ ಗುಳಿಗೆ, ದಿನಕ್ಕೆ ಒಂದು ಹಿಡಿ.

ಫಲಿತಾಂಶ ತಿಳಿದು ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ನಾನು ಪಕ್ಕದಲ್ಲಿ. ಇಬ್ಬರ ಬಾಯಿಗೂ ಆಸ್ಪತ್ರೆಯ ನೀಲಿ ಬಟ್ಟೆ. ಏನಾದರೂ ಬೈಯಲಿ ಎಂದು ಕಾದೆ. ಮೋಟೆಬೆನ್ನೂರು ಬಂದಾಗ ಬಾಯಿ ಬಿಟ್ಟಳು. "ಮನ್ಯಾಗ ಕಾಯಿಪಲ್ಯ ಇಲ್ರಿ. ಬ್ಯಾಡಗ್ಯಾಗ ಇಳದು ಬದನಿಕಾಯಿ ತೊಗೊಂಡು ಹೋಗೂಣು."

ರಾಣೆಬೆನ್ನೂರಿಗೆ ಮದುವೆ ಮಾಡಿಕೊಟ್ಟ ನಮ್ಮ ಒಬ್ಬಳೇ ಮಗಳು ಸುಗುಣಾ ಮರುದಿನವೇ ಬಂದಳು. ಅವಳಿಗೆ ಎಲ್ಲ ಹೇಳಿದ್ದು ಎಸ್ತೇರಳೇ. ಸುಗುಣಾ ಬಾಗಿಲಲ್ಲೇ ನಿಂತು, "ಸಾಕ್ಷಿ ಹೇಳೂವಾಗ ಬಾಳ ಚಲೋ ಅನ್ನಿಸಿತ್ತೇನಪಾ?" ಎಂದಳು. ಅಷ್ಟೇ. ಆಮೇಲೆ ಹಿತ್ತಿಲ ಕಡೆಯ ಕಿಟಕಿಗಳನ್ನೆಲ್ಲ ತೆಗೆದು, ನಮ್ಮ ತಾಟು ವಾಟೆ ಬೇರೆ ಇಟ್ಟು, ಸೆರಗು ಕಟ್ಟಿ ಕೆಲಸಕ್ಕೆ ನಿಂತಳು. ಐದು ತಿಂಗಳು ಹೋಗಲಿಲ್ಲ. ಅಳಿಯ ಒಂದು ದಿನವೂ ಬೇಗ ಬಾ ಎನ್ನಲಿಲ್ಲ. ಇಂಥ ಉಪಕಾರಗಳು ಆಗ ಸಣ್ಣವಾಗಿ ಕಂಡವು.

ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂರುತ್ತಿದ್ದೆವು. ರೇಣುಕಾ ಬರುತ್ತಿದ್ದಳು. ಅವಳು ಈಗ ನನ್ನ ಬಾಯಿ ತೆರೆಸಿ ನಾಲಿಗೆಯ ಕೆಳಗೆ ನೋಡುತ್ತಿದ್ದಳು. ಅದಕ್ಕೆ ನಾನು ಅರ್ಹನೇ. ಗುಳಿಗೆ ನುಂಗಿ ಅರ್ಧ ಗಂಟೆಗೆ ಹೊಟ್ಟೆ ತೊಳಸುತ್ತಿತ್ತು. ಅಂಗಾಲು ಕೆಂಡದ ಮೇಲಿಟ್ಟ ಹಾಗೆ ಉರಿಯುತ್ತಿತ್ತು. ಇಬ್ಬರ ಮೈಯೂ ಕಪ್ಪಾಯಿತು. ಕನ್ನಡಿ ನೋಡಿ ಎಸ್ತೇರ, "ಮದಿವಿ ಆದಾಗ ನಿಮ್ಮವ್ವ ನನ್ನ ಕರಿ ಅಂದಿದ್ಲು. ಈಗ ನೋಡಬೇಕಿತ್ತು," ಎಂದು ನಕ್ಕಳು. ನಗಲು ಹೋಗಿ ಕೆಮ್ಮಿದಳು.

ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತಾ ಕೂತಿದ್ದಾಗ ಕ್ಷಮೆ ಕೇಳಿದೆ. ಸಭೆಯಲ್ಲಿ ಬಹಳ ಜನರಿಗೆ ಕ್ಷಮೆಯ ಬಗ್ಗೆ ಬುದ್ಧಿ ಹೇಳಿದವನಿಗೆ ಮಾತು ತಡವರಿಸಿತು.

"ಮಾಡೇನಿ," ಎಂದಳು. "ಹಾವೇರಿಗೆ ಹೋದ ದಿನಾನ ಮಾಡೇನಿ. ಸಿಟ್ಟು ಹೋಗಿಲ್ಲ ಮತ್ತ. ಅದು ಬ್ಯಾರೆ, ಇದು ಬ್ಯಾರೆ."

"ದೇವರು ನನಗ ಶಿಕ್ಷಾ ಕೊಟ್ಟಾನ ಎಸ್ತೇರ."

"ಶಿಕ್ಷಾ ನಿಮಗಾದ್ರ ಸೊರಗಾಕತ್ತಾಕಿ ನಾನ್ಯಾಕ್ರಿ? ಆತ ಅಷ್ಟು ದಡ್ಡ ಅಲ್ಲ." ಸ್ವಲ್ಪ ಹೊತ್ತು ದಣಿವಾರಿಸಿಕೊಂಡಳು. "ನೀವು ಆತಗ ಅಂಜೀರಿ. ಪ್ರೀತಿ ಮಾಡಿಲ್ಲ. ಪ್ರೀತಿ ಮಾಡಿದ್ರ ಎಲ್ಲಾರ ಮುಂದ ಆತನ್ನ ದೊಡ್ಡಾಂವನ್ನ ಮಾಡಾಕ ಸುಳ್ಳು ಬೇಕಾಗ್ತಿರಲಿಲ್ಲ. ಸುಮ್ನ ಮನ್ಯಾಗ ಕುಂತು ಗುಳಿಗಿ ನುಂಗ್ತಿದ್ರಿ."

ನನ್ನ ಮೇಲೆ ಪ್ರೀತಿ ಇದ್ದವನು ನನ್ನ ಮಾತು ನಡೆಸುತ್ತಾನೆ ಎಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದನ್ನು ನಾನು ಎಷ್ಟೋ ಸಲ ಸಭೆಯಲ್ಲಿ ಓದಿದ್ದೆ. 'ನಡೆಸುತ್ತಾನೆ' ಎಂಬ ಕಡೆ ದನಿ ಎತ್ತರಿಸುತ್ತಿದ್ದೆ. ಅದರ ಹಿಂದಿನ 'ಪ್ರೀತಿ' ಎಂಬ ಮಾತನ್ನು ಅವಸರದಲ್ಲಿ ದಾಟಿಬಿಡುತ್ತಿದ್ದೆ.

ನಾಲ್ಕನೇ ತಿಂಗಳು ಅವಳ ಕಣ್ಣು ಹಳದಿಯಾದವು. ಸುಗುಣಾ ಅವಳನ್ನು ಹಾವೇರಿಗೆ ಕರೆದುಕೊಂಡು ಹೋದಳು. ನನಗೆ ಅಂದು ಏಳಲು ಆಗಿರಲಿಲ್ಲ. ಬಂದು, ಗುಳಿಗೆಯಲ್ಲಿ ಸ್ವಲ್ಪ ಬದಲಾಯಿಸಿದ್ದಾರೆ ಎಂದು ಸುಗುಣಾ ಹೇಳಿದಳು. ಮರುದಿನ ಎಂಟಕ್ಕೆ ಎಸ್ತೇರ ಗೋಡೆ ಹಿಡಿದು ಬಂದು ತನ್ನ ಜಾಗದಲ್ಲಿ ಕೂತಳು. "ನಡೀರಿ, ಹೊತ್ತಾತು," ಎಂದಳು. ನಾನು ನನ್ನ ಹಿಡಿ ನುಂಗಿದೆ. ಅವಳು ತನ್ನದನ್ನು ನುಂಗಿದಳು. ಹೀಗೆ ಐದು ವಾರ. ಕಡೆಯ ವಾರ ಸುಗುಣಾ ಅವಳನ್ನು ಎತ್ತಿಕೊಂಡು ಬಂದು ಕೂರಿಸುತ್ತಿದ್ದಳು. ನಾನು ಒಂದು ದಿನವೂ ಅವಳ ಅಂಗೈ ನೋಡಲಿಲ್ಲ.

ಒಂದು ಗುರುವಾರ ಬೆಳಿಗ್ಗೆ, ಸುಗುಣಾ ಎತ್ತಲು ಹೋದಾಗ, ಎಸ್ತೇರ ಹೋಗಿಬಿಟ್ಟಿದ್ದಳು. ರಾಣೆಬೆನ್ನೂರಿನಲ್ಲಿ ಮಣ್ಣು ಮಾಡಿದೆವು. ರೋಗದ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಜನ ದೂರ ದೂರ ನಿಂತಿದ್ದರು. ಆ ಸಾಕ್ಷಿಯ ವಿಷಯ ಯಾರೂ ಎತ್ತಲಿಲ್ಲ. ಹಿರಿಯರಿಗೆ ದೇವರು ವಾಸಿಮಾಡಿದ್ದ, ಮತ್ತೆ ಬೇರೆ ಹೊಸದಾಗಿ ಬಂತು ಎಂದು ತಾವೇ ಹೊಂದಿಸಿಕೊಂಡಿದ್ದರು. ನಾನು ತಿದ್ದಲಿಲ್ಲ. ಅವಳ ಶವದ ಪೆಟ್ಟಿಗೆಯ ಮುಂದೆ ನಿಂತೂ ತಿದ್ದಲಿಲ್ಲ.

ಮೂರನೇ ದಿನ ಎಂಟು ಗಂಟೆಗೆ ರೇಣುಕಾ ಗುಳಿಗೆ ತಂದಳು. ಇಟ್ಟು ಹೋಗು, ಆಮೇಲೆ ನೋಡುತ್ತೇನೆ ಎಂದೆ. ಸುಗುಣಾ ಒಳಗಿನಿಂದ ಬಂದು ನನ್ನ ಎದುರಿಗೆ, ಅವರವ್ವ ಕೂರುತ್ತಿದ್ದ ಜಾಗದಲ್ಲಿ ಕೂತಳು.

"ಅಪ್ಪಾ, ಅವ್ವನ ಗುಳಿಗಿ ಐದು ವಾರದ ಹಿಂದನ ಬಂದ್ ಆಗಿದ್ವು. ಲಿವರ್ ತಡ್ಯಾಂಗಿಲ್ಲ, ಅದು ಸುಧಾರಿಸಿದ್ರ ಮತ್ತ ಕೊಡೂಣು ಅಂದಿದ್ರು. ಸುಧಾರಿಸಲಿಲ್ಲ. ಅಕಿ ನುಂಗ್ತಿದ್ದದ್ದು ಶಕ್ತಿ ಗುಳಿಗಿ."

"ನನಗ್ಯಾಕ ಹೇಳಲಿಲ್ಲ?"

"'ನಂದು ಬಂದ್ ಆತಂತ ಗೊತ್ತಾದ್ರ ನಿಮ್ಮಪ್ಪ ತಮ್ದೂ ಬಿಡ್ತಾರ, ಅವರಿಗೆ ಜೋಡಿಗೆ ಒಬ್ಬರು ಕುಂದ್ರಬೇಕು' ಅಂದ್ಲು. 'ಕೇಳಿದ್ರ ಖರೇನ ಹೇಳ್ತೇನಿ, ಕೇಳದಿದ್ರ ಸುಮ್ನಿರ್ತೇನಿ' ಅಂದ್ಲು. ನೀ ಕೇಳಲೇ ಇಲ್ಲಲ್ಲಪ್ಪಾ."

ರೇಣುಕಾ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳಿಗೂ ಗೊತ್ತಿತ್ತು.

ನಾನು ಗುಳಿಗೆ ನುಂಗಿದೆ. ಆರು ತಿಂಗಳು ಉಳಿದಿತ್ತು. ಆ ಆರು ತಿಂಗಳನ್ನು ದೊಡ್ಡದಾಗಿ ಹೇಳುವ ಮನಸ್ಸಿಲ್ಲ. ಬದುಕುವ ಆಸೆ ಇರಲಿಲ್ಲ. ನರಕದ ಅಂಜಿಕೆಯೂ ಇರಲಿಲ್ಲ, ಅಲ್ಲಿ ಇದಕ್ಕಿಂತ ಹೆಚ್ಚಿನದು ಏನಿರುತ್ತದೆ ಎನ್ನಿಸುತ್ತಿತ್ತು. ಯಾರೂ ನೋಡಿ ಭೇಷ್ ಎನ್ನುವಂತಿರಲಿಲ್ಲ. ಪ್ರಾರ್ಥನೆಗೆ ಕೂತರೆ ಬಾಯಿ ಒಣಗುತ್ತಿತ್ತು. ಆದರೂ ಎಂಟಕ್ಕೆ ನುಂಗಿದೆ, ಅವಳು ನುಂಗು ಎಂದಿದ್ದಳು ಎಂಬ ಒಂದೇ ಕಾರಣಕ್ಕೆ. ಲಾಭವಿಲ್ಲದೆ, ಅಂಜಿಕೆಯಿಲ್ಲದೆ ನಾನು ಒಬ್ಬರ ಮಾತು ನಡೆಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅದನ್ನು ದೇವರಿಗೆ ಮಾಡಬೇಕಿತ್ತು ಎಂದು ಈಗ ತಿಳಿಯುತ್ತದೆ. ತಿಳಿದ ಮಾತ್ರಕ್ಕೆ ಬಂದುಬಿಡುವುದಿಲ್ಲ. ಅರವತ್ತೊಂಬತ್ತು ವರ್ಷ ಸಾಹುಕಾರನ ಮುಖ ನೋಡಿದ ಹಾಗೆ ನೋಡಿದವನನ್ನು ತಂದೆ ಎಂದು ಕರೆಯಲು ನಾಲಿಗೆ ಈಗಲೂ ಹಿಂಜರಿಯುತ್ತದೆ.

ಕಫದಲ್ಲಿ ಏನೂ ಇಲ್ಲ ಎಂದು ಕಾಗದ ಬಂದ ಮೇಲೆ ಅಯ್ಯನವರು ಫೋನ್ ಮಾಡಿದರು. "ಹಿರಿಯರ, ಭಾನುವಾರ ಬಂದು ಒಂದು ಸಾಕ್ಷಿ ಹೇಳ್ರಿ. ಎಲ್ಲಾರಿಗೂ ಧೈರ್ಯ ಬರ್ತೈತಿ."

ಹೋದೆ. ಆ ಸುಗ್ಗಿ ಹಬ್ಬದ ದಿನ ಹೇಳಿದ್ದು ಸುಳ್ಳು ಎಂದೆ. ಎದೆನೋವಲ್ಲ, ಕ್ಷಯ ಇತ್ತು, ಗುಳಿಗೆಯಿಂದ ಇಳಿಯುತ್ತಿತ್ತು, ನಿಮ್ಮ ಮುಂದೆ ಹೇಳಿದ್ದನ್ನು ಉಳಿಸಿಕೊಳ್ಳಲು ಗುಳಿಗೆ ಬಿಟ್ಟೆ, ಅದರಿಂದ ಎಸ್ತೇರ ಸತ್ತಳು ಎಂದೆ. ಮೂರು ನಿಮಿಷವೂ ಆಗಲಿಲ್ಲ. ಯಾರೂ ಆಮೆನ್ ಎನ್ನಲಿಲ್ಲ. ಅಯ್ಯನವರು ಯಾವ ಕೀರ್ತನೆ ಹಾಡಿಸಬೇಕೆಂದು ತಿಳಿಯದೆ ಪುಸ್ತಕದ ಹಾಳೆ ತಿರುವುತ್ತಾ ನಿಂತರು. ಹಿರಿತನ ಬಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತೆ. ಹೊರಗೆ ಬಂದಾಗ ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಹೇಳಿದಳು, "ಹಿಂಗ ಹೇಳಬಾರದಿತ್ತಪಾ. ಅವತ್ತಿನ ಸಾಕ್ಷಿನ ಚಲೋ ಇತ್ತು. ನಾ ಎಷ್ಟು ಮಂದಿಗೆ ಹೇಳೇನಿ ಗೊತ್ತೇನು!"

ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ತಪ್ಪು ಒಪ್ಪಿಕೊಂಡರೆ ಭಾರ ಇಳಿಯುತ್ತದೆ ಎಂದು ಹೇಳುವವರು ಯಾರ ತಪ್ಪಿನ ಬಗ್ಗೆ ಹೇಳುತ್ತಾರೋ ತಿಳಿಯದು. ಸತ್ತವಳು ಸತ್ತೇ ಇದ್ದಾಳೆ. ಆಡಿದ ಸುಳ್ಳು ಆ ಅಜ್ಜಿ ಹೇಳಿದ ಎಷ್ಟೋ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ.

ಹೋದ ವಾರ ಸುಗುಣಾಳ ಜೊತೆ ಹಾವೇರಿಗೆ ಹೋಗಿದ್ದೆ. ಐದು ತಿಂಗಳು ನಮ್ಮಿಬ್ಬರ ಉಸಿರಿನಲ್ಲಿ ಇದ್ದವಳು, ಆಗಾಗ ತಪಾಸಣೆ ಮಾಡಿಸಲೇಬೇಕು ಎಂದಿದ್ದಾರೆ. ಮೊದಲ ಎರಡು ಸಲ ಏನೂ ಇರಲಿಲ್ಲ. ಈ ಸಲ ಎರಡು ವಾರದಿಂದ ಕೆಮ್ಮುತ್ತಿದ್ದಾಳೆ. ಅವಳು ಎಕ್ಸ್-ರೇಗೆ ಒಳಗೆ ಹೋದಳು. ನಾನು ಹೊರಗಿನ ಸಿಮೆಂಟು ಬೆಂಚಿನ ಮೇಲೆ ಕೂತೆ. ಪ್ರಾರ್ಥಿಸಬೇಕೆಂದುಕೊಂಡೆ. ಅದು ಕೊಡುತ್ತೇನೆ, ಇದು ಬಿಡುತ್ತೇನೆ ಎಂದು ಹಳೆಯ ಚೌಕಾಸಿ ಬಾಯಿಗೆ ಬಂತು, ನುಂಗಿಕೊಂಡೆ. ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಮೇಡ್ಲೇರಿ ಕಡೆಯವರು. ಮಾತಾಡಿಸಿದರು.

"ಯಾರಿಗ್ರಿ ಯಜಮಾನ್ರ?"

"ಮಗಳಿಗೆ. ನೋಡ್ಸಾಕ ಬಂದೇವಿ."

"ಸಣ್ಣ ವಯಸ್ನ್ಯಾಗ ಪಾಪ. ಯಾರಿಂದ ಅಂಟಿರಬೇಕು?"

ಮನೆಯಲ್ಲಿ ಒಬ್ಬರಿಗಿತ್ತು ಎಂದರೆ ಸಾಕಾಗುತ್ತಿತ್ತು. ಅದೂ ಸುಳ್ಳಲ್ಲ.

"ಇದ್ರ ನನ್ನಿಂದ," ಎಂದೆ. "ನನಗ ಇತ್ತು. ಆರಾಮ ಆತಂತ ಎಲ್ಲಾರಿಗೂ ಹೇಳಿ ನಡುವ ಗುಳಿಗಿ ಬಿಟ್ಟೆ. ಮನ್ಯಾಕಿಗೆ ಅಂಟಿತು, ಹೋದ್ಲು. ಇಕಿ ನಮ್ಮ ಸೇವಾ ಮಾಡಿದಾಕಿ."

ಅವರು ಬೆಂಚಿನ ಇನ್ನೊಂದು ತುದಿಗೆ ಸರಿದರು. ಅದರಲ್ಲಿ ತಪ್ಪೇನಿಲ್ಲ. ಆಮೇಲೆ, ನನ್ನ ಕಡೆ ತಿರುಗದೆಯೇ ಕೇಳಿದರು.

"ಎಷ್ಟು ದಿನ ಬಿಟ್ಟಿದ್ರಿ?"

"ಬಾಳ ದಿನ."

"ನಾ ಬಿಟ್ಟು ಹನ್ನೆರಡು ದಿನ ಆತು," ಎಂದರು. "ಮನ್ಯಾಗ ಸಣ್ಣ ಕೂಸು ಐತಿ."

ನಾನು ಎದ್ದು ನಿಂತೆ. "ಏಳ್ರಿ, ಒಳಗ ಡಾಕ್ಟರಮ್ಮ ಅದಾರ. ಬೈಯೂದಿಲ್ಲ ಅವರು. ನಾನೂ ಬರ್ತೇನಿ, ಹೇಳೂಣು," ಎಂದೆ. ಅವರು ಏಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಎಕ್ಸ್-ರೇ ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು. ಒಳಗಿನಿಂದ ನನ್ನ ಮಗಳ ಕೆಮ್ಮು ಕೇಳಿಸಿತು. ನಾನು ಅವರ ಮುಂದೆ ಕೈ ಚಾಚಿಕೊಂಡು ಹಾಗೆಯೇ ನಿಂತೆ.